ಫೋಟೋದಲ್ಲಿ ಇಲ್ಲದ ಊತ

ಚಿಕ್ಕಮ್ಮನ ಹಲ್ಲಿನ ಕ್ಲಿನಿಕ್ಕಿನಲ್ಲಿ ನನ್ನ ಹುದ್ದೆಯ ಹೆಸರು ಬಾಗಿಲು. ತಮಾಷೆಗೆ ಹೇಳುತ್ತಿಲ್ಲ. ರಜೆ ಶುರುವಾದ ಮೊದಲ ದಿನವೇ ಅವಳು ನನ್ನ ಕೈಗೆ ಟ್ಯಾಬ್ ಕೊಟ್ಟು ಹೇಳಿದ್ದು ಹಾಗೆ.

"ನೋಡು ಪಟಪಟಿ, ಇಲ್ಲಿ ನೀನು ಡಾಕ್ಟರೂ ಅಲ್ಲ, ಅರ್ಧ ಡಾಕ್ಟರೂ ಅಲ್ಲ. ನೀನು ಬಾಗಿಲು. ಬಂದವರನ್ನ ನನ್ನ ಹತ್ರ ಬಿಡೋದು ಅಷ್ಟೇ ನಿನ್ನ ಕೆಲ್ಸ. ಬಾಗಿಲು ಮಾತಾಡಲ್ಲ."

"ಕಿರ್ ಅಂತಾದ್ರೂ ಅನ್ಬಹುದಾ ಚಿಕ್ಕಮ್ಮ?"

"ಎಣ್ಣೆ ಬಿಡ್ತೀನಿ ನಿಂಗೆ."

ದಂತ ವೈದ್ಯಕೀಯ ಕಾಲೇಜಿನಲ್ಲಿ ಎರಡು ವರ್ಷ ಮುಗಿಸಿ ಮೂರನೆಯದಕ್ಕೆ ಕಾಲಿಡುತ್ತಿದ್ದೆ. ಅಲ್ಲಿಯವರೆಗೆ ನಾನು ಕೊರೆದದ್ದು ಮೇಣದ ಹಲ್ಲು, ಪ್ಲಾಸ್ಟಿಕ್ ಹಲ್ಲು, ಒಮ್ಮೆ ಗಮನ ತಪ್ಪಿ ನನ್ನದೇ ಹೆಬ್ಬೆರಳು. ಆದರೂ ಬಿಳಿ ಕೋಟು ಹಾಕಿ ಕನ್ನಡಿ ಮುಂದೆ ನಿಂತರೆ ಸಾಕು, ಊರಿನ ಬಾಯಿಗಳೆಲ್ಲ ನನಗಾಗಿಯೇ ತೆರೆದುಕೊಂಡಿವೆ ಎನಿಸುತ್ತಿತ್ತು.

ಕ್ಲಿನಿಕ್ ಇದ್ದದ್ದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಅವರು ಪೈಪು ಕೊಯ್ಯುವಾಗಲೆಲ್ಲ ಮುಂಗೋಣೆಯ ಬೆಂಚಿನ ಮೇಲಿದ್ದವರು ಬೆಚ್ಚಿಬಿದ್ದು ಒಳಕೋಣೆಯ ಕಡೆ ನೋಡುತ್ತಿದ್ದರು. "ಅದು ಕೆಳಗಿನ ಅಂಗಡಿ, ಹೆದರ್ಬೇಡಿ" ಎನ್ನುವುದು ಬಾಗಿಲಿಗೆ ಆಡಲು ಅನುಮತಿಯಿದ್ದ ಒಂದೇ ಮಾತು.

ಬೆಳಿಗ್ಗೆ ಎದುರು ಬಂದು ಕೂತವರ ಮಧ್ಯೆ ಬಿಡುವು ಮಾಡಿಕೊಂಡು ಚಿಕ್ಕಮ್ಮ ಆನ್‌ಲೈನ್ ರೋಗಿಗಳನ್ನೂ ನೋಡುತ್ತಿದ್ದಳು. ದೂರದಲ್ಲಿರುವವರು, ಅಂಗಡಿ ಬಿಟ್ಟು ಬರಲಾಗದವರು, ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದವರು. ಟ್ಯಾಬಿನಿಂದ ಹೋಗುವ ಪ್ರತಿ ಮೆಸೇಜಿನ ಮೇಲೆ ಅವಳ ಫೋಟೋ, ಹೆಸರು, ಡಿಗ್ರಿ, ನೋಂದಣಿ ಸಂಖ್ಯೆ ಇರುತ್ತಿದ್ದವು. ಹಾಗಾಗಿ ನನ್ನ ಮಿತಿಯನ್ನು ಅವಳು ಕಪಾಟಿನ ಬಾಗಿಲಿನ ಒಳಗೆ ಬರೆದು ಅಂಟಿಸಿದ್ದಳು. ವಯಸ್ಸು ಕೇಳು. ಎಂದಿನಿಂದ ನೋವು ಕೇಳು. ಯಾವ ಮಾತ್ರೆ ತಿನ್ನುತ್ತಾರೆ, ಯಾವುದು ಒಗ್ಗುವುದಿಲ್ಲ ಕೇಳು. ಫೋಟೋ ಇಟ್ಟುಕೊಳ್ಳಲು ಒಪ್ಪಿಗೆ ಕೇಳು. ಆಮೇಲೆ ನನ್ನನ್ನು ಕರೆ.

ಕರೆದರೆ ಅವಳೇ ವಿಡಿಯೋದಲ್ಲಿ ಕೂರುತ್ತಿದ್ದಳು. ಮೊದಲು ತಾನು ಯಾರೆಂದು ಹೇಳುತ್ತಿದ್ದಳು, ಪಕ್ಕದಲ್ಲಿ ನಾನಿದ್ದರೆ "ಇವಳು ವಿದ್ಯಾರ್ಥಿ, ಕೂತಿರ್ಬಹುದಾ?" ಎಂದು ಕೇಳುತ್ತಿದ್ದಳು. ಆಮೇಲೆ ಯಾರೇ ಆಗಲಿ, ಅವರಿಂದ ಮೂರು ಕೆಲಸ ಮಾಡಿಸುತ್ತಿದ್ದಳು. ಎರಡು ಬೆರಳು ಹಿಡಿಸುವಷ್ಟು ಬಾಯಿ ತೆರೆಯಬೇಕು. ನಾಲಿಗೆ ಪೂರ್ತಿ ಹೊರಗೆ ಚಾಚಬೇಕು. ಒಂದು ಗುಟುಕು ನೀರು ನುಂಗಬೇಕು.

"ಫೋಟೋ ಇದೆಯಲ್ಲ, ಅದ್ರಲ್ಲೇ ಕಾಣುತ್ತಲ್ಲ," ಎಂದು ನಾನೊಮ್ಮೆ ಕೇಳಿದ್ದೆ.

"ಫೋಟೋದಲ್ಲಿ ಎಲ್ರೂ ಚೆನ್ನಾಗೇ ಇರ್ತಾರೆ ಕಣೇ," ಎಂದಿದ್ದಳು. "ಫೋಟೋ ನೋಡಿ ನಾನು ಯಾರಿಗೂ ಏನೂ ಹೇಳಲ್ಲ."

ಸೋಮವಾರ ಬಂದ ಕರೆ ಟೈಲರಮ್ಮನದು. ಐವತ್ತರ ಹತ್ತಿರದ ಹೆಂಗಸು, ಹೊಲಿಗೆ ಯಂತ್ರದ ಮುಂದಿನಿಂದ ಏಳದೆ ಮಾತಾಡುತ್ತಿದ್ದರು. ಫೋನ್ ಹಿಡಿದಿದ್ದವಳು ಅವರ ಮಗಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಎಡಗಡೆಯ ಕೆಳ ದವಡೆಯ ಕೊನೆಯ ಹಲ್ಲು. ಮಾತಿನ ಮಧ್ಯೆ ಟೈಲರಮ್ಮ ಬಟ್ಟೆ ಎತ್ತಿ ಕಟಕ್ಕನೆ ದಾರ ಕಚ್ಚಿ ತುಂಡರಿಸಿದರು.

"ಅಮ್ಮಾ! ಹಲ್ಲು ನೋವು ಅಂತ ಫೋನ್ ಮಾಡಿ ಹಲ್ಲಲ್ಲೇ ದಾರ ಕಚ್ತೀರಲ್ಲ!" ಎಂದಳು ಚಿಕ್ಕಮ್ಮ.

"ಅಯ್ಯೋ ಡಾಕ್ಟ್ರೇ, ನೋಯೋದು ಹಿಂದಿಂದು. ಇದು ಮುಂದಿಂದು. ಇದು ನನ್ನ ಕತ್ರಿ."

ಚಿಕ್ಕಮ್ಮ ನಕ್ಕಳು, ಆದರೆ ಬಿಡಲಿಲ್ಲ. ಮೂರೂ ಕೆಲಸ ಮಾಡಿಸಿದಳು. ಎಲ್ಲ ಸರಿಯಿತ್ತು. "ಇದನ್ನ ಫೋನಲ್ಲಿ ಮುಗಿಸೋಕಾಗಲ್ಲ. ಎಕ್ಸ್‌ರೇ ಬೇಕು. ನಾಳೆನೇ ಬನ್ನಿ," ಎಂದಳು. ಟೈಲರಮ್ಮನಿಗೆ ಶಾಲೆ ಶುರುವಾಗುವ ಮುಂಚೆ ಎಂಬತ್ತು ಜೊತೆ ಯೂನಿಫಾರ್ಮ್ ಕೊಡಬೇಕಿತ್ತು. ಗುರುವಾರ ಬರುತ್ತೇನೆ ಎಂದರು. "ಅಷ್ಟರಲ್ಲಿ ಊತ ಬಂದ್ರೆ, ಜ್ವರ ಬಂದ್ರೆ, ನುಂಗೋಕೆ ಕಷ್ಟ ಆದ್ರೆ ಯೂನಿಫಾರ್ಮ್ ಅಲ್ಲೇ ಬಿಟ್ಟು ಬರ್ಬೇಕು," ಎಂದು ಚಿಕ್ಕಮ್ಮ ಎರಡು ಸಲ ಹೇಳಿ, ಮಗಳಿಂದಲೂ ಒಮ್ಮೆ ಹೇಳಿಸಿದಳು.

ಬುಧವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮಗಳ ಮೆಸೇಜ್ ಬಂತು.

'ಅಮ್ಮನಿಗೆ ಬೆಳಿಗ್ಗೆಯಿಂದ ನೋವು ಜಾಸ್ತಿ. ಊದಿದೆ ಅಂತಿದ್ದಾಳೆ. ಇವತ್ತೇ ಬರ್ಬೇಕಾ ಡಾಕ್ಟ್ರೇ? ಇನ್ನು ಹದಿನೈದು ಯೂನಿಫಾರ್ಮ್ ಬಾಕಿ ಇದೆ. ನಾಳೆ ಬಂದ್ರೆ ನಡೆಯುತ್ತಾ?' ಕೆಳಗೆ ಒಂದು ಫೋಟೋ.

ಒಳಗೆ ಚಿಕ್ಕಮ್ಮ ಒಬ್ಬ ಲಾರಿ ಚಾಲಕರ ಮುರಿದ ಬೇರಿನ ಜೊತೆ ಜಗಳಕ್ಕೆ ಬಿದ್ದಿದ್ದಳು. ನಾನು ಪರದೆ ಸರಿಸಿದೆ. ಅವಳು ಅವರ ಬಾಯಿಯಿಂದ ಕಣ್ಣು ತೆಗೆಯದೆ, "ಏನೇ? ಅರ್ಜೆಂಟಾ?" ಎಂದಳು.

ಅರ್ಜೆಂಟಾ? ನಾನು ಕೈಯಲ್ಲಿದ್ದ ಫೋಟೋ ನೋಡಿದೆ. ಎಷ್ಟು ಚೆಂದದ ಫೋಟೋ! ಬೆಳಕು ಸರಿಯಾಗಿ ಬಿದ್ದಿತ್ತು. ನುಣುಪಾದ ಕೆನ್ನೆ, ಚೂಪಾದ ಗದ್ದ, ಕಿವಿಯಿಂದ ಕೆಳಗಿಳಿದ ದವಡೆಯ ಗೆರೆ ಪೆನ್ಸಿಲಿನಲ್ಲಿ ಬರೆದಂತೆ. ಊತ ಎಂದರೆ ಹೇಗಿರುತ್ತದೆಂದು ನನಗೆ ಗೊತ್ತಿಲ್ಲವೇ? ಪುಸ್ತಕದಲ್ಲಿ ಇಡೀ ಅಧ್ಯಾಯ ಓದಿದ್ದೆ, ಹಳದಿ ಬಣ್ಣ ಬಳಿದು.

"ಏನಿಲ್ಲ ಚಿಕ್ಕಮ್ಮ. ಆಮೇಲೆ ಹೇಳ್ತೀನಿ."

ಸ್ಟೂಲಿಗೆ ಮರಳಿ ಕೂತು ಟೈಪ್ ಮಾಡಿದೆ. 'ಫೋಟೋದಲ್ಲಿ ಊತ ಕಾಣುತ್ತಿಲ್ಲ. ಗಾಬರಿ ಬೇಡ. ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ನಾಳೆ ಬನ್ನಿ.' ಚಿಕ್ಕಮ್ಮನಾದರೂ ಇದನ್ನೇ ಹೇಳುತ್ತಿದ್ದಳು ಎಂದುಕೊಂಡೆ. ಕಳಿಸಿದೆ.

ಅರ್ಧ ನಿಮಿಷದಲ್ಲಿ ಉತ್ತರ. 'ಥ್ಯಾಂಕ್ಯೂ ಡಾಕ್ಟ್ರೇ', ಜೊತೆಗೆ ಎರಡು ಜೋಡಿ ಮುಗಿದ ಕೈಗಳು.

ಡಾಕ್ಟ್ರೇ! ಆ ಪದವನ್ನು ಮೂರು ಸಲ ಓದಿದೆ. ಸ್ಕ್ರೀನ್‌ಶಾಟ್ ತೆಗೆದು ಗೆಳತಿಯರ ಗ್ರೂಪಿಗೆ ಹಾಕಬೇಕೆಂದು ಬೆರಳು ಹೋಯಿತು. ರೋಗಿಯ ವಿಷಯ ಹೊರಗೆ ಹೋಗಬಾರದು ಎಂಬುದು ನೆನಪಾಗಿ ತಡೆದೆ. ಎಂಥ ಶಿಸ್ತಿನ ಹುಡುಗಿ ನಾನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಲಾರಿ ಚಾಲಕರ ಬೇರು ಹೊರಬರುವಷ್ಟರಲ್ಲಿ ಹನ್ನೊಂದೂವರೆ. ಹಿಂದೆಯೇ ಬ್ಯಾಂಕಿನವರೊಬ್ಬರು ಕುರ್ಚಿ ಏರಿದರು. ಊಟಕ್ಕೆ ಮುಂಚೆ ದಾಖಲೆ ತುಂಬಿಸೋಣವೆಂದು ಟ್ಯಾಬ್ ತೆಗೆದೆ. ದಾಖಲೆಗೆ ಹಾಕುವ ಫೋಟೋದಲ್ಲಿ ಕಣ್ಣು ಕಾಣಬಾರದು, ದವಡೆ ಮಾತ್ರ ಇರಬೇಕು. ಅದೂ ಚಿಕ್ಕಮ್ಮನ ಕಾನೂನು. ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ, ಹಣೆ ಕತ್ತರಿಸಿ, ಕೆನ್ನೆಯನ್ನು ನಡುವೆ ತಂದೆ.

ಟೈಲರಮ್ಮನ ಹಿಂದಿನ ಗೋಡೆಯಲ್ಲಿ, ಮೊಳೆಯೊಂದಕ್ಕೆ, ಬಟ್ಟೆ ಅಳೆಯುವ ಮರದ ಸ್ಕೇಲು ನೇತುಹಾಕಿತ್ತು. ಮೇಲಿಂದ ನೆಟ್ಟಗೆ ಇಳಿದಿತ್ತು. ಅವರ ದವಡೆಯ ಪಕ್ಕಕ್ಕೆ ಬಂದಾಗ ಕೆನ್ನೆಯ ಕಡೆಗೆ ಬಿಲ್ಲಿನಂತೆ ಬಾಗಿ, ಕುತ್ತಿಗೆ ದಾಟಿದ ಮೇಲೆ ಮತ್ತೆ ನೆಟ್ಟಗಾಗಿತ್ತು.

ಮರದ ಸ್ಕೇಲು ಬಾಗುವುದಿಲ್ಲ.

ಅದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಸೆಲ್ಫಿಗಳಲ್ಲಿ ಹಾಸ್ಟೆಲಿನ ಬಾಗಿಲುಗಳೆಲ್ಲ ಹೀಗೆಯೇ ಬಾಗಿರುತ್ತವೆ. ಮುಖವನ್ನು ಚೆಂದ ಮಾಡುವ ಫಿಲ್ಟರ್. ಅದು ಗುಳ್ಳೆ ಅಳಿಸುತ್ತದೆ, ಕೆಂಪು ಅಳಿಸುತ್ತದೆ, ಕೆನ್ನೆಯನ್ನು ಒಳಗೆ ಒತ್ತಿ ದವಡೆಯನ್ನು ಸಣ್ಣ ಮಾಡುತ್ತದೆ. ಒತ್ತುವಾಗ ಹಿಂದಿನ ಗೋಡೆಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಸ್ಕೇಲು ಇಷ್ಟು ಬಾಗಬೇಕಾದರೆ ಅದು ಒಳಗೆ ಒತ್ತಿದ ಕೆನ್ನೆ ಎಷ್ಟು ದಪ್ಪಗಿತ್ತು?

ಫೋನ್ ಮಾಡಿದೆ. ಮಗಳು ಎತ್ತಿದಳು.

"ಹಲೋ, ಕ್ಲಿನಿಕ್ಕಿಂದ. ಅಮ್ಮ ಹೇಗಿದ್ದಾರೆ?"

"ಮುಕ್ಕಳಿಸೋಕೆ ಆಗ್ತಿಲ್ಲ ಅವಳಿಗೆ. ನೀರು ಹಾಗೇ ಹೊರಗೆ ಬರುತ್ತೆ. ಲೋಟದಲ್ಲಿ ಉಗೀತಾ ಕೂತಿದ್ದಾಳೆ. ನಾಳೆ ಬರ್ತೀವಲ್ಲ..."

"ವಿಡಿಯೋ ಆನ್ ಮಾಡಿ. ಫಿಲ್ಟರ್ ತೆಗೀರಿ."

"ಯಾವ್ದು?"

"ಬ್ಯೂಟಿ ಫಿಲ್ಟರ್ ರೀ! ಮುಖದ ಗುರುತು ಇದೆಯಲ್ಲ, ಅದನ್ನ ಒತ್ತಿ!"

"ಓ ಅದಾ... ಅದು ನನ್ನ ಫೋನಲ್ಲಿ ಯಾವಾಗ್ಲೂ ಆನೇ ಇರುತ್ತೆ," ಎಂದಳು, ಸ್ವಲ್ಪ ನಾಚಿಕೊಂಡು.

ತೆರೆಯ ಮೇಲಿದ್ದ ನುಣುಪು ಮುಖ ಒಂದು ಕ್ಷಣ ನಡುಗಿತು. ಆಮೇಲೆ ಅದರ ಜಾಗದಲ್ಲಿ ಬೇರೆಯೇ ಮುಖ ಬಂದಿತು. ನಾನು ಕೂಗಿದೆನೆಂದು ಕಾಣುತ್ತದೆ, ಬೆಂಚಿನ ಮೇಲಿದ್ದವರು ಎದ್ದು ನಿಂತರು. ಟೈಲರಮ್ಮನಿಗೆ ಗದ್ದವೇ ಇರಲಿಲ್ಲ. ಕಿವಿಯಿಂದ ಕಿವಿಯವರೆಗೆ, ಗದ್ದದಿಂದ ಎದೆಮೂಳೆಯ ಮೇಲಿನವರೆಗೆ, ಎರಡೂ ಕಡೆ, ಕೆಂಪಗೆ ಬಿಗಿದ ಒಂದೇ ಮುದ್ದೆ. ಬಾಯಿ ಅರೆತೆರೆದಿತ್ತು. ಒಳಗೆ ನಾಲಿಗೆ ಮೇಲಕ್ಕೆದ್ದು ಅಂಗುಳಕ್ಕೆ ಒತ್ತಿಕೊಂಡಿತ್ತು. ಅವರು ಏನೋ ಅಂದರು. ಬಿಸಿ ಕಲ್ಲು ಬಾಯಲ್ಲಿಟ್ಟುಕೊಂಡು ಮಾತಾಡಿದಂತೆ ಕೇಳಿಸಿತು. ಮುಂದೆ ಯಂತ್ರದ ಸೂಜಿಯ ಕೆಳಗೆ ನೀಲಿ ಬಟ್ಟೆ ಹಾಗೆಯೇ ಇತ್ತು.

ಪರದೆ ಸರಿಸಿದೆನೋ ಕಿತ್ತೆನೋ ಗೊತ್ತಿಲ್ಲ. ಚಿಕ್ಕಮ್ಮನ ಕಣ್ಣಿನ ಮುಂದೆ ಟ್ಯಾಬ್ ಹಿಡಿದೆ. ಕುರ್ಚಿಯಲ್ಲಿ ಬ್ಯಾಂಕಿನವರು ಬಾಯಿ ತೆರೆದುಕೊಂಡೇ ಇದ್ದರು.

ಅವಳು ಮೂರು ಸೆಕೆಂಡ್ ನೋಡಿದಳು.

"ಅಮ್ಮಾ, ನಾಲಿಗೆ ಹೊರಗೆ ಹಾಕಿ." ಬರಲಿಲ್ಲ. "ಎರಡು ಬೆರಳು ಬಾಯಲ್ಲಿ ಇಡಿ." ಒಂದೂ ಹೋಗಲಿಲ್ಲ. "ಮಗಳೇ, ಈಗಲೇ ದೊಡ್ಡಾಸ್ಪತ್ರೆಗೆ ಹೊರಡು. ಆಂಬುಲೆನ್ಸಿಗೆ ಕಾಯ್ಬೇಡ, ಸಿಕ್ಕಿದ ಗಾಡಿ ಹತ್ತು. ಅಮ್ಮನ್ನ ಮಲಗಿಸ್ಬೇಡ, ಕೂರಿಸ್ಕೊಂಡೇ ಹೋಗು. ಕುಡಿಯೋಕೆ ತಿನ್ನೋಕೆ ಏನೂ ಕೊಡ್ಬೇಡ. ಗೇಟಲ್ಲಿ ಡಾಕ್ಟರು ಇರ್ತಾರೆ, ನಾನು ಹೇಳ್ತೀನಿ."

"ಏನಾಗಿದೆ ಡಾಕ್ಟ್ರೇ?"

"ಕೀವು ಗಂಟಲ ಕಡೆ ಇಳಿದಿದೆ. ಉಸಿರಿನ ದಾರಿ ಮುಚ್ಚಬಹುದು. ಹೊರಡು."

"ಆದ್ರೆ... ಬೆಳಿಗ್ಗೆ ನೀವೇ ನಾಳೆ ಬನ್ನಿ ಅಂದ್ರಲ್ಲ?"

ಕೆಳಗೆ ಪೈಪು ಕೊಯ್ಯುವ ಸದ್ದು ನಿಂತಿತ್ತು. ಚಿಕ್ಕಮ್ಮ ನಿಧಾನವಾಗಿ ಟ್ಯಾಬಿನಿಂದ ನನ್ನ ಕಡೆಗೆ ತಿರುಗಿದಳು. ನಾನು ನೆಲ ನೋಡಿದೆ.

"ಹೌದು, ನನ್ನ ಹೆಸರಲ್ಲಿ ಹೋಗಿದೆ," ಎಂದಳು ಫೋನಿಗೆ. "ಅದು ತಪ್ಪು ಉತ್ತರ. ಈಗ ಹೊರಡು ಪುಟ್ಟಾ."

ಆಸ್ಪತ್ರೆಯ ದವಡೆ ಸರ್ಜನ್ನು ಅವಳ ಜೊತೆ ಓದಿದವರು. ಅವರಿಗೆ ನಾಲ್ಕೇ ಮಾತಲ್ಲಿ ವಿಷಯ ಹೇಳಿ, ಬ್ಯಾಂಕಿನವರ ಹಲ್ಲಿಗೆ ತಾತ್ಕಾಲಿಕ ಸಿಮೆಂಟು ತುಂಬಿ, ಕ್ಷಮೆ ಕೇಳಿ ಕಳಿಸಿದಳು. ಆಮೇಲೆ ಗ್ಲೌಸ್ ತೆಗೆಯದೆಯೇ ಗಾಲಿಯ ಸ್ಟೂಲಿನ ಮೇಲೆ ಕೂತು ನನ್ನ ಮೆಸೇಜ್ ಓದಿದಳು.

"ನೀನು ಬರೆದ್ಯಾ?"

"ಹೂಂ."

"ನನ್ನ ನೋಂದಣಿ ನಂಬರಿನ ಕೆಳಗೆ."

"ಹೂಂ."

ಬಯ್ಯಲಿ ಎಂದು ಕಾದೆ. ಎರಡು ಏಟು ಕೊಟ್ಟಿದ್ದರೂ ಬದುಕಿಕೊಳ್ಳುತ್ತಿದ್ದೆ. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ತನ್ನ ಮನೆಯೊಳಗೆ ಗುರುತಿಲ್ಲದವರನ್ನು ಕಂಡವಳಂತೆ ನನ್ನನ್ನು ನೋಡುತ್ತಿದ್ದಳು.

ಆಸ್ಪತ್ರೆಗೆ ಹೊರಟಾಗ ಸ್ಕೂಟರಿನಲ್ಲಿ ಅವಳ ಹಿಂದೆ ಕೂತು ಟ್ಯಾಬ್ ತೆರೆದೆ. ನನ್ನ ಮೆಸೇಜಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದೆ. 'ಎಲ್ಲರಿಗೂ ಅಳಿಸು' ಎಂದು ಬಂತು. ಒಂದು ಒತ್ತು ಸಾಕು. ಯಾರೂ ಏನೂ ಬರೆಯಲೇ ಇಲ್ಲ ಎಂದಾಗಿಬಿಡುತ್ತಿತ್ತು. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಿತು.

"ಏನ್ ಮಾಡ್ತಿದ್ದೀಯ?" ಅವಳು ಹಿಂದೆ ತಿರುಗಿಯೂ ಇರಲಿಲ್ಲ; ಸ್ಕೂಟರಿನ ಕನ್ನಡಿಯಲ್ಲಿ ಕಂಡಿರಬೇಕು.

"ಏನಿಲ್ಲ."

"ಅದು ಹಾಗೇ ಇರ್ಬೇಕು. ಅದನ್ನ ಅಳಿಸಿದ ಕ್ಷಣಕ್ಕೆ ನಾನೂ ಡಾಕ್ಟರಲ್ಲ."

ಆಸ್ಪತ್ರೆಯ ಮೆಟ್ಟಿಲ ಹತ್ತಿರ ನಾನು ಅವಳ ತೋಳು ಹಿಡಿದೆ. "ಚಿಕ್ಕಮ್ಮ, ನೀನೇ ಹೇಳಿಬಿಡು. ನಂಗೆ ಬಾಯಿ ಬರಲ್ಲ."

"ನನ್ನ ಪಾಲು ನಾನು ಹೇಳ್ತೀನಿ. ನಿಂದು ನೀನೇ ಹೇಳ್ಬೇಕು," ಎಂದು ತೋಳು ಬಿಡಿಸಿಕೊಂಡಳು.

ಎರಡನೇ ಮಹಡಿಯ ಓಣಿಯಲ್ಲಿ ಮಗಳು ಒಬ್ಬಳೇ ಕೂತಿದ್ದಳು. ಅಂಗಿಯ ತೋಳಿಗೆ ನೀಲಿ ದಾರದ ಚೂರುಗಳು ಅಂಟಿದ್ದವು. ಗೇಟಿನಿಂದಲೇ ಅಮ್ಮನನ್ನು ಆಪರೇಷನ್ ಕೋಣೆಗೆ ಕರೆದೊಯ್ದಿದ್ದರಂತೆ. ಗಾಡಿಯಲ್ಲಿ ಬರುವಾಗಲೇ ತುಟಿ ಕಪ್ಪಾಗಿತ್ತಂತೆ.

ಚಿಕ್ಕಮ್ಮ ಅವಳ ಮುಂದೆ ನಿಂತಳು. "ನಾಳೆ ಬನ್ನಿ ಅಂತ ಉತ್ತರ ಹೋಗಿದ್ದು ನನ್ನ ಅಕೌಂಟಿಂದ. ನಾನು ನೋಡದೆ ಅದು ಹೋಗ್ಬಾರದಿತ್ತು. ಜವಾಬ್ದಾರಿ ನಂದು. ಕ್ಷಮಿಸು ಅಂತ ಕೇಳೋಕೂ ನಂಗೆ ಮುಖ ಇಲ್ಲ. ದೂರು ಕೊಡ್ಬೇಕು ಅಂದ್ರೆ ಎಲ್ಲಿ ಕೊಡ್ಬೇಕು ಅಂತ ನಾನೇ ಬರ್ಕೊಡ್ತೀನಿ."

ಮಗಳು ಎದ್ದಳು. "ನಾನು ಬೆಳಿಗ್ಗೆನೇ ಕರ್ಕೊಂಡ್ ಬರ್ತಿದ್ದೆ! ನೀವು ಗಾಬರಿ ಬೇಡ ಅಂದ್ರಿ ಅಂತ ಅಮ್ಮ ಮತ್ತೆ ಯಂತ್ರಕ್ಕೆ ಕೂತ್ಲು. ಡಾಕ್ಟ್ರೇ ಹೇಳಿದ್ದಾರಲ್ಲ, ನಿಂದೇನು ಅಂತ ನನ್ನನ್ನೇ ಬೈದ್ಲು. ಎರಡು ಗಂಟೆ ಹೊತ್ತು! ಏನ್ ನೋಡಿದ್ರಿ ನೀವು ಆ ಫೋಟೋದಲ್ಲಿ?"

ಚಿಕ್ಕಮ್ಮ ನನ್ನನ್ನು ತೋರಿಸಲಿಲ್ಲ. ಕೇಳಿಸಿಕೊಂಡು ಗಾಜಿನ ಬಾಗಿಲ ಹತ್ತಿರ ಹೋಗಿ ನಿಂತಳು.

ಮಗಳು ಬೆಂಚಿನ ಮೇಲೆ ನನ್ನ ಪಕ್ಕ ಕುಸಿದು ನನ್ನ ಕೈ ಹಿಡಿದುಕೊಂಡಳು.

"ಫೋನ್ ಮಾಡಿದ್ದು ನೀವೇ ಅಲ್ವಾ? ಫಿಲ್ಟರ್ ತೆಗಿ ಅಂದಿದ್ದು?"

"ಹೂಂ."

"ನಿಮ್ಮಿಂದ ನಮ್ಮಮ್ಮ ಇನ್ನೂ ಇದ್ದಾಳೆ. ಅಷ್ಟು ದೊಡ್ಡ ಡಾಕ್ಟರಿಗೆ ಕಾಣ್ಲಿಲ್ಲ, ನಿಮಗೆ ಕಂಡಿತು. ದೇವರ ಹಾಗೆ ಮಾಡಿದ್ರಿ ರೀ." ಅವಳ ಕಣ್ಣೀರು ನನ್ನ ಮಣಿಕಟ್ಟಿನ ಮೇಲೆ ಬಿತ್ತು. "ನಂದೂ ತಪ್ಪಿದೆ. ಆ ಫೋಟೋ ಮೂರು ಸಲ ತೆಗ್ದೆ, ನೀಟಾಗಿ ಬರ್ಲಿ ಅಂತ."

ಇಲ್ಲ ಎನ್ನಬೇಕಿತ್ತು. ಆ ಕ್ಷಣವೇ ಹೇಳಬೇಕಿತ್ತು. ಊರಿಗೆಲ್ಲ ಕೇಳುವಂತೆ ಪಟಪಟ ಅನ್ನುವ ನನ್ನ ಬಾಯಿಗೆ ಹೊಲಿಗೆ ಬಿದ್ದಿತ್ತು. ಅವಳ ಕೈ ಬೆಚ್ಚಗಿತ್ತು, ನಾನದನ್ನು ಬಿಡಿಸಿಕೊಳ್ಳಲಿಲ್ಲ. ಗಾಜಿನಲ್ಲಿ ಚಿಕ್ಕಮ್ಮನ ಬೆನ್ನು ಕಾಣುತ್ತಿತ್ತು. ಇಪ್ಪತ್ತು ವರ್ಷ ಒಂದೊಂದೇ ಬಾಯಿ ನೋಡಿ ಗಳಿಸಿದ ಹೆಸರು ನನ್ನ ನಾಲ್ಕು ಸಾಲಿಗೆ ಬಿದ್ದುಹೋಗುತ್ತಿತ್ತು, ಮತ್ತು ನಾನು ಪಕ್ಕದಲ್ಲಿ ಕೂತು ದೇವರಾಗುತ್ತಿದ್ದೆ.

ನಲವತ್ತು ನಿಮಿಷವಾದ ಮೇಲೆ ಸರ್ಜನ್ ಹೊರಬಂದರು. ಮಾಸ್ಕ್ ಗದ್ದಕ್ಕೆ ಇಳಿದಿತ್ತು.

"ಬಾಯಿಂದ ಟ್ಯೂಬ್ ಹಾಕೋಕೆ ಜಾಗನೇ ಇರ್ಲಿಲ್ಲ. ಕುತ್ತಿಗೆಯಲ್ಲಿ ತೂತು ಮಾಡಿ ಹಾಕಿದ್ದೀವಿ. ಕೀವು ತೆಗೆದಿದ್ದೀವಿ. ಉಸಿರು ಆಡ್ತಿದೆ. ಎರಡು ದಿನ ಐಸಿಯು, ಆಮೇಲೂ ಸ್ವಲ್ಪ ದಿನ ಮಾತಾಡೋಕಾಗಲ್ಲ."

ಮಗಳು ನನ್ನ ಭುಜಕ್ಕೆ ಒರಗಿ ಅತ್ತಳು. ಸರ್ಜನ್ ಕೇಸ್ ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ಸ್ವಲ್ಪ ವಿವರ ಬೇಕು. ಸೋಮವಾರ ವಿಡಿಯೋದಲ್ಲಿ ನೋಡಿದ್ದು ನೀವು," ಎಂದು ಚಿಕ್ಕಮ್ಮನಿಗೆ ಹೇಳಿ, "ಇವತ್ತು ಬೆಳಿಗ್ಗೆ ಹತ್ತಕ್ಕೆ ನೋಡಿದ್ದು ಯಾರು?" ಎಂದರು.

ಚಿಕ್ಕಮ್ಮ ನನ್ನ ಕಡೆ ತಿರುಗಲಿಲ್ಲ. ಗೋಡೆಗೆ ಕೈ ಊರಿ ನಿಂತಿದ್ದಳು. ಮಗಳು ಅವಳನ್ನು ದುರುಗುಟ್ಟಿ ನೋಡುತ್ತಿದ್ದಳು.

"ಯಾರೂ ನೋಡಿಲ್ಲ ಸರ್."

ಆ ದನಿ ನನ್ನದೆಂದು ಆಮೇಲೆ ಗೊತ್ತಾಯಿತು.

"ಯಾರೂ ನೋಡಿಲ್ಲ ಅಂದ್ರೆ?"

"ಡಾಕ್ಟರು ಒಳಗೆ ಹಲ್ಲು ಕೀಳ್ತಿದ್ರು. ಅರ್ಜೆಂಟಾ ಅಂತ ಕೇಳಿದ್ರು, ನಾನು ಏನಿಲ್ಲ ಅಂದೆ. ಫೋಟೋ ನೋಡಿ ಉತ್ತರ ನಾನೇ ಬರೆದೆ. ಅವರ ಹೆಸರಲ್ಲಿ. ಅವರಿಗೆ ಗೊತ್ತೇ ಇರ್ಲಿಲ್ಲ."

"ನೀನು ಯಾರಮ್ಮ?"

"ವಿದ್ಯಾರ್ಥಿ. ಎರಡು ವರ್ಷ ಮುಗಿದಿದೆ."

ಭುಜಕ್ಕೆ ಒರಗಿದ್ದ ಮಗಳ ತಲೆ ಮೆಲ್ಲಗೆ ಎದ್ದುಹೋಯಿತು. ಅವಳನ್ನು ನೋಡುವ ಧೈರ್ಯವಿರಲಿಲ್ಲ. ಆದರೂ ನೋಡಿದೆ. ಬಾಯಿ ತುಸು ತೆರೆದಿತ್ತು. ಇಷ್ಟು ಹೊತ್ತು ನನ್ನನ್ನು ಹಿಡಿದಿದ್ದ ಕೈಯನ್ನು ಮೇಲೆತ್ತಿ, ಅದರ ಮೇಲೆ ಏನೋ ಅಂಟಿದೆಯೇನೋ ಎಂಬಂತೆ ನೋಡಿಕೊಂಡಳು.

"ಫೋಟೋ ತೆಗೆದಿದ್ದಕ್ಕೆ ನಿಮ್ಮನ್ನ ನೀವು ಬೈಕೋಬೇಡಿ," ಎಂದೆ. "ಫೋಟೋ ಹೇಗೇ ಇದ್ರೂ ವಿಡಿಯೋದಲ್ಲಿ ನೋಡ್ಬೇಕಿತ್ತು. ಡಾಕ್ಟರನ್ನ ಕರೀಬೇಕಿತ್ತು. ಅದು ಕ್ಲಿನಿಕ್ಕಿನ ನಿಯಮ. ಮುರಿದಿದ್ದು ನಾನು."

ಸರ್ಜನ್ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಬೆಳಿಗ್ಗೆ ಹತ್ತು ಗಂಟೆಗೆ ವೈದ್ಯರು ಯಾರೂ ಪರೀಕ್ಷಿಸಿಲ್ಲ. ವಿದ್ಯಾರ್ಥಿನಿಯೊಬ್ಬಳು ವೈದ್ಯರ ಹೆಸರಿನಲ್ಲಿ ಸಲಹೆ ನೀಡಿದ್ದಾಳೆ. ಸರಿನಾ?"

"ಸರಿ ಸರ್."

"ನನ್ನ ಅಕೌಂಟನ್ನ ಬೀಗ ಇಲ್ಲದೆ ಅವಳ ಕೈಗೆ ಕೊಟ್ಟಿದ್ದು ನಾನು," ಎಂದಳು ಚಿಕ್ಕಮ್ಮ. "ಅದನ್ನೂ ಬರ್ಕೊಳ್ಳಿ."

ಅವರು ಅದನ್ನೂ ಬರೆದರು. ನರ್ಸ್ ಬಂದು, ಮನೆಯವರು ಒಬ್ಬರು ಒಳಗೆ ಬಂದು ನೋಡಬಹುದು ಎಂದರು. ಮಗಳು ಚಪ್ಪಲಿ ಬಿಟ್ಟು, ಅವರು ಕೊಟ್ಟ ಹಸಿರು ಗೌನು ತೊಟ್ಟಳು. ಹಿಂದಿನ ದಾರ ಕಟ್ಟಲು ಅವಳಿಗೆ ಕೈ ಎಟುಕಲಿಲ್ಲ. ನಾನು ಅರ್ಧ ಎದ್ದೆ. ಅವಳು ಬೇಡವೆಂದು ತಲೆಯಾಡಿಸಿ, ಚಿಕ್ಕಮ್ಮನ ಕಡೆ ಬೆನ್ನು ತಿರುಗಿಸಿ ನಿಂತಳು. ಚಿಕ್ಕಮ್ಮ ಕಟ್ಟಿದಳು.

ಬಾಗಿಲ ಹತ್ತಿರ ಹೋದವಳು ನಿಂತು ನನ್ನನ್ನು ನೋಡಿದಳು.

"ಮನೆಗೆ ಹೋಗ್ಬೇಡಿ ನೀವು. ಅಮ್ಮನಿಗೆ ಎಚ್ಚರ ಆಗ್ಲಿ. ಈಗ ಹೇಳಿದ್ರಲ್ಲ, ಒಂದಕ್ಷರ ಬಿಡದೆ ಅವಳ ಮುಂದೆನೂ ಹೇಳ್ಬೇಕು. ಅವಳಿಗೆ ತಿರುಗಿ ಕೇಳೋಕೆ ಬಾಯಿ ಇರಲ್ಲ. ಅದಕ್ಕೇ ನಾನು ಪಕ್ಕದಲ್ಲೇ ನಿಂತಿರ್ತೀನಿ."

ಬಾಗಿಲು ಮುಚ್ಚಿತು. ನಾನು ಕೂತೆ.